ಇಬ್ಬರೇ ಆಡಬೇಕಾದ ಆಟ

ಮದುವೆಯಾದ ಹೊಸದರಲ್ಲಿ ನನಗೂ ನನ್ನ ಗಂಡನಿಗೂ ಮಾತೇ ಹುಟ್ಟುತ್ತಿರಲಿಲ್ಲ. ನಾನು ಕುಣಿಗಲ್‌ನವಳು, ಅವರು ಗುಬ್ಬಿ ಕಡೆಯವರು. ಹಿರಿಯರು ನೋಡಿ ಮಾಡಿದ ಮದುವೆ. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಅತ್ತೆಯ ಜೊತೆ ನಮ್ಮ ಸಂಸಾರ. ಶಿರಾ ಗೇಟಿನ ಹತ್ತಿರ ಅವರದೊಂದು ಎಲೆಕ್ಟ್ರಿಕಲ್ ಅಂಗಡಿ. ಅಲ್ಲಿಂದ ಬಂದವರು, "ಊಟ ಆಯ್ತಾ?" ಎನ್ನುವರು. "ನೀವು ಬರ್ಲಿ ಅಂತ ಕಾಯ್ತಿದ್ದೆ" ಎನ್ನುವೆ. ಅಲ್ಲಿಗೆ ಮುಗಿಯಿತು. ಸಿಡುಕರಲ್ಲ, ನಾಚಿಕೆಯವರು. ನಾನೂ ಅದರಲ್ಲಿ ಕಡಿಮೆಯಿರಲಿಲ್ಲ.

ಒಂದು ಭಾನುವಾರ ಅಟ್ಟದಿಂದ ರಟ್ಟಿನ ಡಬ್ಬವೊಂದನ್ನು ಇಳಿಸಿದರು. ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್. ತಂಗಿ ಮದುವೆಯಾಗಿ ಹೋದ ಮೇಲೆ ಮುಟ್ಟಿರಲಿಲ್ಲವಂತೆ.

"ಇದು ಒಬ್ನೇ ಆಡಕ್ಕಾಗಲ್ಲ. ನೀವು... ಆಡ್ತೀರಾ?" ಎಂದರು. ನನಗೂ ಬಹುವಚನ!

ಬೆಟ್ಟದಲ್ಲಿ ದಾರಿ ತಪ್ಪಿದ ಇಬ್ಬರು ಪುಟಾಣಿಗಳು ಮನೆ ಸೇರಬೇಕು. ಕೆಂಪು ಟೋಪಿಯವನು ಅವರು, ಹಳದಿ ಟೋಪಿ ನನ್ನದು. ಒಬ್ಬರು ಬಾಗಿಲು ಎತ್ತಿ ಹಿಡಿದರಷ್ಟೇ ಇನ್ನೊಬ್ಬರು ನುಸುಳಬಹುದು. ಹಳ್ಳದ ಆಚೆ ನಿಂತವರು ಕೈ ಚಾಚಿದರಷ್ಟೇ ಈಚೆಯವರು ಹಾರಬಹುದು. ನಾನು ಹಾರಿದಾಗೆಲ್ಲ ನೀರಿಗೇ ಬೀಳುತ್ತಿದ್ದೆ. ತವರಿನಲ್ಲಾಗಿದ್ದರೆ ಅಣ್ಣಂದಿರು ಜಾಯ್‌ಸ್ಟಿಕ್ ಕಿತ್ತುಕೊಳ್ಳುತ್ತಿದ್ದರು. ಇವರು ಮಾತ್ರ ಪ್ರತಿ ಸಲವೂ ದಡಕ್ಕೆ ಬಂದು ಸುಮ್ಮನೆ ಕಾಯುತ್ತಿದ್ದರು. "ನಿಧಾನಕ್ಕೆ" ಎನ್ನುತ್ತಿದ್ದರು, ಅಷ್ಟೇ.

ಅದೇ ಹಳ್ಳದಲ್ಲಿ ಇನ್ನೇನು ಮತ್ತೆ ಬಿದ್ದೆ ಎನ್ನುವಾಗ ನನ್ನ ಬಾಯಿಂದ ಬಂದುಬಿಟ್ಟಿತು: "ಲೋ, ಹಿಡ್ಕೊಳೋ! ಬೀಳ್ತಿದೀನಿ ಕಣೋ!"

ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯ ಕೈ ನಿಂತಿತು. ಇವರೋ ಟಿವಿಯಿಂದ ಕಣ್ಣು ತೆಗೆಯದೆ, "ಹಿಡ್ಕೊಂಡೆ ಕಣೇ, ಹಾರು!" ಎಂದರು. ಹಾರಿದೆ. ದಡ ಸೇರಿದೆ.

ಅತ್ತೆ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕರು. "ನಿಮ್ಮಾವನ್ನ ಒಂದ್ಸಲನಾದ್ರೂ ಹಂಗೆ ಕೂಗ್ಬೇಕು ಅಂತ ನಂಗೂ ಆಸೆ ಇತ್ತು ಕಣಮ್ಮ. ಧೈರ್ಯ ಬರ್ಲಿಲ್ಲ. ಆಮೇಲೆ ಅವ್ರೇ ಹೋಗ್ಬುಟ್ರು" ಎಂದು ಮತ್ತೆ ಕಾಯಿ ಸುಲಿಯತೊಡಗಿದರು.

ಅಲ್ಲಿಂದ ಮಾತು ಶುರುವಾಯಿತು. ಇಬ್ಬರ ಕಣ್ಣೂ ಟಿವಿಯ ಮೇಲಿದ್ದುದರಿಂದ ಹೇಳುವುದು ಸುಲಭವಾಗುತ್ತಿತ್ತು. ಅಪ್ಪ ತೀರಿಕೊಂಡಾಗ ಕಾಲೇಜು ಬಿಟ್ಟು ಅಂಗಡಿಯಲ್ಲಿ ಕೂತದ್ದನ್ನು ಅವರು ಹೇಳಿದ್ದು ಒಂದು ಕತ್ತಲೆ ಗುಹೆ ದಾಟುವಾಗ. ಬಿ.ಎಡ್ ಮಾಡಬೇಕೆಂಬ ನನ್ನಾಸೆ ಹೊರಬಂದದ್ದೂ ಹೀಗೇ ಎಲ್ಲೋ ಏಣಿ ಹತ್ತುವಾಗ. "ಸೇರ್ಕೋ ಮತ್ತೆ, ಅದಕ್ಯಾಕೆ ಅಷ್ಟು ಯೋಚ್ನೆ?" ಎಂದರು. ಆ ವರ್ಷವೇ ಸೇರಿದೆ.

ಆಟದ ಕೊನೆಯಲ್ಲೊಂದು ತೂಗುಸೇತುವೆ. ಒಬ್ಬರು ಸರಪಳಿ ಹಿಡಿದು ನಿಂತರೆ ಮಾತ್ರ ಇನ್ನೊಬ್ಬರು ದಾಟಬಹುದು. ಅವರು ಹಿಡಿದರು, ನಾನು ದಾಟಿದೆ. ಪುಟ್ಟ ಮನೆಯ ಬಾಗಿಲು ತೆರೆಯಿತು. ಸೇತುವೆಯ ಆಚೆಯೇ ಉಳಿದ ಕೆಂಪು ಟೋಪಿಯವನು ಕಲ್ಲಿನ ಮೇಲೆ ಕುಳಿತ. ಆಟ ಅಲ್ಲಿಗೆ ಮುಗಿಯಿತು.

"ಅಯ್ಯೋ, ಅವನ್ನ ಅಲ್ಲೇ ಬಿಟ್ಬುಟ್ರಾ?" ಎಂದರು ಅತ್ತೆ. ನನಗೆ ಅಳು ಬಂದುಬಿಟ್ಟಿತು.

"ಏಯ್, ಗೇಮ್ ಕಣೇ ಅದು."

"ಗೇಮೇ ಆಗ್ಲಿ. ಈ ಸಲ ನಾನು ಹಿಡ್ಕೋತೀನಿ, ನೀನು ಹೋಗು."

ಮತ್ತೆ ಸೇತುವೆಯ ಬಳಿ ಬಂದೆವು. ನಾನು ಸರಪಳಿ ಹಿಡಿದೆ. ಕೆಂಪು ಟೋಪಿ ಅರ್ಧ ದಾರಿ ಹೋಗಿ ನಿಂತಿತು.

"ಹೋಗೋ" ಎಂದೆ.

ಅವರ ಪುಟಾಣಿ ಮೆಲ್ಲಗೆ ತಿರುಗಿ ನನ್ನ ಕಡೆಗೇ ನಡೆದು ಬಂದು ಪಕ್ಕದಲ್ಲಿ ನಿಂತಿತು. ಅತ್ತೆ ಒಳಗಿನಿಂದ, "ಏಳ್ರಪ್ಪಾ, ಮುದ್ದೆ ಆರೋಗ್ತದೆ" ಎಂದು ಕೂಗಿದರು. ಟಿವಿ ಆರಿಸಿ ಎದ್ದೆವು.

ಆ ಆಟವನ್ನು ನಾವು ಎರಡನೇ ಸಲ ಮುಗಿಸಲೇ ಇಲ್ಲ.