ವೈರಿಂಗ್ ಅಕ್ಕ ಮತ್ತು ನನ್ನ ಕಾರಿನ ಕೆಂಪು ದೀಪ

ಹೋದ ವಾರ ಕಾರನ್ನು ಸರ್ವಿಸಿಗೆ ಬಿಟ್ಟು ಕಾಯುತ್ತ ಕುಳಿತಿದ್ದೆ. ಪಕ್ಕದ ಗಾಡಿಯ ವೈರುಗಳ ಮೇಲೆ ಯಾರೋ ಸ್ಪ್ರೇ ಹೊಡೆದರು. ಸ್ಪಿರಿಟ್ಟಿನ ಹಾಗೆ ಮೂಗಿಗೆ ತಣ್ಣಗೆ ಏರುವ ವಾಸನೆ. ನಮ್ಮೂರ ಬಟವಾಡಿ ಬಡಾವಣೆಯ ಆ ಚಿಕ್ಕ ಅಂಗಡಿ, ಹಣೆಗೆ ಟಾರ್ಚು ಕಟ್ಟಿಕೊಂಡು ನನ್ನ ಕಾರಿನ ಸೀಟಿನಡಿ ತಲೆ ತೂರಿಸಿದ್ದ ವೈರಿಂಗ್ ಅಕ್ಕ... ಎಲ್ಲ ಒಟ್ಟಿಗೆ ನೆನಪಾಯಿತು.

ಬಟವಾಡಿಯಲ್ಲಿ ಎಲ್ಲರೂ ಅವರನ್ನು ವೈರಿಂಗ್ ಅಕ್ಕ ಎಂದೇ ಕರೆಯುತ್ತಿದ್ದರು. ಅಪ್ಪನ ಜೊತೆ ಲಾರಿಗಳ ವೈರಿಂಗ್ ಮಾಡುತ್ತ ಕಲಿತವರು, ಅಪ್ಪ ತೀರಿಕೊಂಡ ಮೇಲೆ ಅಂಗಡಿಯನ್ನು ತಾವೇ ನಡೆಸುತ್ತಿದ್ದರು. ಚೂಡಿದಾರದ ಮೇಲೊಂದು ಗಂಡಸರ ಷರ್ಟು, ಮೂಗಿನ ತುದಿಯಲ್ಲೇ ಕೋಪ. ತಮ್ಮ ಕೆಲಸದ ಬಗ್ಗೆ ಬೇಕಾದಷ್ಟು ಜಂಬವೂ ಇತ್ತು. ಇರಬೇಕಾದದ್ದೇ ಬಿಡಿ.

ಆಗ ನಾನು ಉಪ್ಪಾರಹಳ್ಳಿಯಿಂದ ಕುಣಿಗಲ್ಲಿನ ಬ್ಯಾಂಕಿಗೆ ದಿನವೂ ಕಾರು ಓಡಿಸಿಕೊಂಡು ಹೋಗಿ ಬರುತ್ತಿದ್ದೆ. ಒಂದು ಬೆಳಿಗ್ಗೆ ಮೀಟರಿನ ಪಕ್ಕ ಕೆಂಪು ದೀಪ ಹತ್ತಿತು. ಕೂತ ಮನುಷ್ಯನ ಚಿತ್ರ, ಅವನ ಮುಂದೊಂದು ದುಂಡನೆಯ ಚೆಂಡು. ಏರ್‌ಬ್ಯಾಗಿನ ದೀಪವಂತೆ. ಒಂದೆರಡು ದಿನ ಉರಿದು ತಾನೇ ಆರಿತು, ಮತ್ತೆ ಹತ್ತಿತು. ಕಾರು ಮಾತ್ರ ಚೆನ್ನಾಗಿಯೇ ಓಡುತ್ತಿತ್ತು. ನೋಡಿದ ಮೆಕ್ಯಾನಿಕ್ಕುಗಳು ಆ ಬಲ್ಬನ್ನೇ ಕಿತ್ತುಬಿಡೋಣ ಎಂದರು. ನಾನೂ ಹೂಂ ಎನ್ನುವವಳೇ ಇದ್ದೆ. ಅಷ್ಟರಲ್ಲಿ ಯಾರೋ ವೈರಿಂಗ್ ಅಕ್ಕನಿಗೊಂದು ಸಲ ತೋರಿಸಿ ಎಂದರು.

"ಬಲ್ಬ್ ಕೀಳ್ಸಕ್ಕೆ ನನ್ ಹತ್ರ ಯಾಕ್ ಬಂದ್ರಿ?" ಎಂದು ಅಕ್ಕ ರೇಗಿದರು. "ಆ ದೀಪ ಉರೀತಿದ್ರೆ, ಗುದ್ದಿದಾಗ ಬ್ಯಾಗ್ ಬಿಚ್ಕೊಳ್ತದೆ ಅಂತ ನಂಬಂಗಿಲ್ಲ. ದಿನಾ ಕುಣಿಗಲ್ ರೋಡಲ್ಲಿ ಓಡಾಡೋರು ನೀವು. ಮೊಕ ಬೇಕೋ ಬೇಡ್ವೋ?"

ಬೇಕು ಎಂದೆ.

ಒಂದು ಪುಟ್ಟ ಯಂತ್ರವನ್ನು ಕಾರಿಗೆ ಸಿಕ್ಕಿಸಿ ನೋಡಿದರು. ಎಡಗಡೆ ಮುಂದಿನ ಸೀಟಿನ ಹತ್ತಿರ ಎಲ್ಲೋ ಕನೆಕ್ಷನ್ ಸರಿಯಿಲ್ಲ ಎಂದು ಅದು ತೋರಿಸಿತು. ಒಂದು ಕಡೆ ಕೆಟ್ಟರೂ ಸ್ಟೀರಿಂಗಿನದೂ ಸೇರಿ ಎಲ್ಲ ಬ್ಯಾಗುಗಳೂ ಮಲಗಿಬಿಡಬಹುದಂತೆ. ಬೇರೆಯವರಾದರೆ ಆಗಲೇ ಸೀಟು ಬಿಚ್ಚುತ್ತಿದ್ದರು. ಅಕ್ಕ ಸ್ಟೂಲು ಎಳೆದುಕೊಂಡು ಕುಳಿತು ನನ್ನನ್ನು ವಿಚಾರಿಸತೊಡಗಿದರು. ದೀಪ ಯಾವತ್ತು ಹತ್ತುತ್ತದೆ, ಹಿಂದಿನ ದಿನ ಎಲ್ಲಿಗೆ ಹೋಗಿದ್ದೆ, ಯಾರು ಯಾರು ಕೂತಿದ್ದರು... ಹೆಣ್ಣು ನೋಡಲು ಬಂದವರೂ ನನ್ನನ್ನು ಇಷ್ಟು ಕೇಳಿರಲಿಲ್ಲ. ಭಾನುವಾರ ಗುಬ್ಬಿಯ ಹತ್ತಿರವಿರುವ ಅತ್ತೆಮನೆಗೆ ಹೋಗಿ ಬಂದರೆ ಸೋಮವಾರ ದೀಪ ಹತ್ತಿರುತ್ತದೆ ಎನ್ನುವುದು, ಉತ್ತರ ಹೇಳುತ್ತ ಹೇಳುತ್ತ ನನಗೇ ಹೊಳೆಯಿತು.

"ಅಲ್ಲಿಂದ ಕಾಯಿ ತರ್ತೀರಾ?"

"ತೋಟ ಇದ್ಮೇಲೆ ತರ್ದೆ ಇರ್ತೀವಾ ಅಕ್ಕ?"

"ಎಲ್ಲಿ ಇಡ್ತೀರಾ?"

ಡಿಕ್ಕಿಯಲ್ಲಿ ಜಾಗ ಸಾಲದಿದ್ದರೆ ಸೀಟಿನಡಿಗೆ ತುರುಕುತ್ತೇವೆ ಎಂದೆ. ಅಕ್ಕ ಎದ್ದು ಹೋಗಿ ಬ್ಯಾಟರಿಯ ವೈರು ಕಳಚಿದರು.

ಆಮೇಲೆ ಸುಮ್ಮನೆ ಕಾದರು. ಬ್ಯಾಟರಿ ತೆಗೆದ ಮೇಲೂ ಒಳಗೆ ಸ್ವಲ್ಪ ಕರೆಂಟು ಉಳಿದಿರುತ್ತದಂತೆ. ಅದು ಇಳಿಯುವವರೆಗೆ ಯಾರೂ ಒಳಗೆ ಕೂರುವ ಹಾಗಿಲ್ಲ. ಬ್ಯಾಗಿನ ಹಿಂದೆ ಇರುವುದು ಪಟಾಕಿ ಮದ್ದಿನಂಥದ್ದು, ಕರೆಂಟು ಅಳೆಯುವ ಮೀಟರನ್ನು ನೇರ ಅದಕ್ಕೆ ಹಿಡಿದರೂ ಸಿಡಿದೀತು ಎಂದರು. ನಾನು ಮೆಲ್ಲಗೆ ಹಿಂದೆ ಸರಿದೆ. ಇಷ್ಟು ದಿನ ಅದನ್ನು ಎದೆಯ ಮುಂದೆ ಇಟ್ಟುಕೊಂಡು ಹಾಡು ಕೇಳುತ್ತ ಓಡಾಡಿದ್ದೆನಲ್ಲ! ಕೆಲಸಕ್ಕೆ ಕೈ ಹಾಕುವ ಮೊದಲು ಅಕ್ಕ ಕಾರಿನ ಬರಿ ಕಬ್ಬಿಣಕ್ಕೆ ಅಂಗೈ ಒತ್ತಿ ನಿಂತರು. ಕಾರಿಗೆ ಕೈಮುಗಿಯುತ್ತಿದ್ದಾರೆ ಅಂದುಕೊಂಡೆ. ಮೈಯಲ್ಲಿರುವ ಚೂರುಪಾರು ಕರೆಂಟನ್ನು ಇಳಿಸಿಕೊಳ್ಳುವುದು ಹಾಗಂತೆ.

ಸೀಟಿನಡಿಯಿಂದ ಹೊರಬಂದಾಗ ಅವರ ಬೆರಳಲ್ಲಿ ತೆಂಗಿನ ನಾರಿನ ಒಂದು ಎಳೆಯಿತ್ತು. ಕಾಯಿಗಳು ಒತ್ತಿ ಒತ್ತಿ ಅಲ್ಲಿದ್ದ ಹಳದಿ ಪ್ಲಗ್ಗು ಸಡಿಲಾಗಿ, ಸಂದಿಗೆ ನಾರು ಸಿಕ್ಕಿಕೊಂಡು, ಅದು ಪೂರ್ತಿ ಕೂರುತ್ತಲೇ ಇರಲಿಲ್ಲ. ಇಷ್ಟು ದೊಡ್ಡ ಕಾರನ್ನು ಕೆಡಿಸಲು ಒಂದು ಎಳೆ ನಾರು ಸಾಕಾಗಿತ್ತು. ಅದನ್ನು ಈ ಹೆಂಗಸು ಸ್ಟೂಲಿನ ಮೇಲೆ ಕೂತು ನನ್ನ ಬಾಯಿಂದಲೇ ಹೊರಡಿಸಿದ್ದರು. ಅವರು ಸ್ಪ್ರೇ ಹೊಡೆದು ಒರೆಸಿ, ಪ್ಲಗ್ಗು ಟಕ್ ಎನ್ನುವವರೆಗೆ ಒತ್ತಿ, ವೈರನ್ನು ಏನೂ ತಾಗದ ಕಡೆ ಕಟ್ಟಿದರು. ಬ್ಯಾಟರಿ ಹಾಕಿ, ಹೊರಗೆ ನಿಂತೇ ಕೈ ಚಾಚಿ ಕೀ ತಿರುಗಿಸಿದರು. ದೀಪ ಹತ್ತಿತು, ಆರಿತು. ಮತ್ತೆ ಹತ್ತಲಿಲ್ಲ.

ಕೆಲವು ತಿಂಗಳಾದ ಮೇಲೆ ಕುಣಿಗಲ್ ರಸ್ತೆಯಲ್ಲಿ ಬೆಳಗಿನ ಮಂಜಿನೊಳಗಿಂದ ಒಂದು ಟ್ರ್ಯಾಕ್ಟರು ಅಡ್ಡ ಬಂತು. ತಪ್ಪಿಸಲು ಹೋಗಿ ಹುಣಸೆಮರಕ್ಕೆ ಗುದ್ದಿದೆ. ಢಂ ಎಂದದ್ದಷ್ಟೇ ಗೊತ್ತು. ಕಣ್ಣು ಬಿಟ್ಟಾಗ ಕಾರಿನ ತುಂಬ ಬಿಳಿ ಪುಡಿ, ಪಟಾಕಿ ಹೊಡೆದ ವಾಸನೆ. ಕಿರುಬೆರಳು ಮುರಿದಿತ್ತು, ಎದೆ ನೋಯುತ್ತಿತ್ತು. ಮುಖ ಮುಟ್ಟಿ ನೋಡಿಕೊಂಡೆ. ಇತ್ತು.

ಆಸ್ಪತ್ರೆಯಿಂದ ಅಕ್ಕನಿಗೆ ಫೋನ್ ಮಾಡಿದೆ. ಎಲ್ಲರೂ ಹೇಗಿದ್ದೀಯಾ ಎಂದು ಕೇಳಿದ್ದರೆ ಅಕ್ಕ ಮೊದಲು ಕೇಳಿದ್ದು, "ಬ್ಯಾಗ್ ಬಿಚ್ಕೊಂತಾ?" ಎಂದು. ನನಗೆ ಸ್ವಲ್ಪ ಬೇಜಾರೇ ಆಯಿತು. ಎರಡು ದಿನ ಬಿಟ್ಟು ಮನೆಗೇ ಬಂದರು. "ಕಾರ್ ಎಲ್ಲೈತೆ? ನಂಗ್ ತೋರ್ಸು ಕಣಮ್ಮ."

ಗ್ಯಾರೇಜಿನ ಹಿತ್ತಲಲ್ಲಿ, ನಜ್ಜುಗುಜ್ಜಾದ ಕಾರಿನ ಸ್ಟೀರಿಂಗಿನಿಂದ ಏರ್‌ಬ್ಯಾಗಿನ ಬಿಳಿ ಬಟ್ಟೆ ಜೋತುಬಿದ್ದಿತ್ತು. ಅಕ್ಕ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಎಷ್ಟ್ ಗಾಡಿಗೆ ಮಾಡಿದೀನಿ ಈ ಕೆಲ್ಸಾನ," ಎಂದರು ಕೊನೆಗೆ. "ಬಿಚ್ಕೊಂಡಿರೋದ್ನ ಇವತ್ತೇ ಮೊದ್ಲು ನೋಡ್ತಿರೋದು. ದೀಪ ಆರ್ತಿತ್ತು, ಕಳಿಸ್ತಿದ್ದೆ. ನಿಜ್ವಾಗ್ಲೂ ಬಿಚ್ಕೊಳ್ತದೋ ಇಲ್ವೋ, ನಂಗೇನ್ ಗೊತ್ತಿತ್ತು ಹೇಳು."

ಅಷ್ಟು ಜಂಬದ ಹೆಂಗಸು, ಒಳಗೊಳಗೇ ಇಷ್ಟೊಂದು ಭಯ ಇಟ್ಟುಕೊಂಡಿದ್ದರು. ಆ ಬಟ್ಟೆಯ ನಡುವೆ ನನ್ನ ಹಣೆಯ ಸ್ಟಿಕ್ಕರ್ ಬೊಟ್ಟು ಅಂಟಿಕೊಂಡಿತ್ತು. ನನ್ನ ಹಣೆ ಬಂದು ಬಡಿದದ್ದು ಅಲ್ಲಿಗೆ. ಅಕ್ಕ ಅದನ್ನು ಉಗುರಿನಿಂದ ಬಿಡಿಸಿ ನನ್ನ ಹಣೆಗೆ ಇಟ್ಟರು. ಅಂಟು ಹೋಗಿತ್ತು. ಆದರೂ ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡೇ ನಿಂತರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಾನೂ ಅತ್ತೆ.

ಅಕ್ಕ ತೀರಿಕೊಂಡು ಒಂದು ವರ್ಷವಾಗುತ್ತ ಬಂತು. ಹೃದಯಾಘಾತ ಎಂದರು. ಆ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ನನ್ನ ಈಗಿನ ಕಾರು ಹೊಸದು, ಸೀಟಿಗೊಂದು ಬಾಗಿಲಿಗೊಂದು ಎಂದು ಸುತ್ತ ಏರ್‌ಬ್ಯಾಗುಗಳಿವೆ. ಅವುಗಳ ವೈರು ಕೂರಿಸಿದ ಕೈ ಯಾರದೋ, ನನಗೆ ಗೊತ್ತಿಲ್ಲ. ಮಂಜಿನಲ್ಲಿ ಕುಣಿಗಲ್ ರಸ್ತೆಗೆ ಇಳಿಯುವಾಗ ಈಗ ನನಗೆ ಹೆದರಿಕೆಯಾಗುತ್ತದೆ. ಮರಕ್ಕೆ ಗುದ್ದಿದ ಮೇಲೂ, ಅಕ್ಕ ಇರುವವರೆಗೆ ಆಗುತ್ತಿರಲಿಲ್ಲ.