ರೊಟ್ಟಿಗೆ ಸಿಕ್ಕ ಸೀಟು

ಆ ದಿನ ಹಾವೇರಿಯಲ್ಲಿ ಆ ಪ್ರಶ್ನೆ ಹುಟ್ಟಿದ್ದು ಅವ್ವನಿಂದಲೋ ನನ್ನಿಂದಲೋ, ಈಗ ನನಗೆ ಖಾತ್ರಿಯಿಲ್ಲ. ಇಷ್ಟು ವರ್ಷ ನಾನೇ ಅದನ್ನು ಅವ್ವನ ಬಾಯಿಂದ ಕೇಳಿಸಿದೆ ಎಂದು ನಂಬಿಕೊಂಡು ಸುಖಪಟ್ಟಿದ್ದೇನೆ. ಅವ್ವ ಒಪ್ಪುವುದಿಲ್ಲ. ಹಾವೇರಿಯ ಅಕ್ಕ, ಅಂದರೆ ದೊಡ್ಡಪ್ಪನ ಮಗಳು, ಅಂಥ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ, ತನ್ನ ಅಪ್ಪನಿಗೆ ಮೈಯಲ್ಲಿ ಆರಾಮಿರಲಿಲ್ಲ ಎಂದು ಪ್ರವಾಸ ನಿಂತಿತು ಎನ್ನುತ್ತಾಳೆ. ಒಂದೇ ಘಟನೆಗೆ ಬೇರೆ ಬೇರೆ ಸಾಕ್ಷಿಗಳಿದ್ದರೆ ಎಲ್ಲವನ್ನೂ ಅನುಮಾನಿಸಬೇಕೆಂದು ಧಾರವಾಡದಲ್ಲಿ ಎಂ.ಎ. ಓದುವಾಗ ಕಲಿತಿದ್ದೇನೆ. ನನ್ನನ್ನೂ ಸೇರಿಸಿಯೇ ಅನುಮಾನಿಸುತ್ತೇನೆ. ನನ್ನ ಸಿಟ್ಟಿನ ಬಗ್ಗೆ ಮಾತ್ರ ಅನುಮಾನವಿಲ್ಲ. ಅದು ಅವತ್ತು ಎಷ್ಟಿತ್ತೋ ಇವತ್ತೂ ಅಷ್ಟೇ ಇದೆ.

ನಾವು ರಾಣೆಬೆನ್ನೂರಿನಲ್ಲಿದ್ದೆವು. ಅಪ್ಪ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಫಿಟರ್. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಯಂತ್ರ ಕೂಡಿಸುವ ಕೆಲಸಕ್ಕೆಂದು ಫಿನ್‌ಲೆಂಡಿನ ಇಂಜಿನಿಯರೊಬ್ಬ ಬಂದು ಕೆಲವು ತಿಂಗಳು ಇದ್ದ. ಅಪ್ಪ ಅವನ ಜೊತೆಗಾರ. ರವಿವಾರ ನಮ್ಮ ಮನೆಗೆ ಬಂದು, ನೆಲದ ಮೇಲೆ ಕಾಲು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿ, ಕೊನೆಗೆ ಗೋಡೆಗೆ ಒರಗಿ, ಅವ್ವ ಬಡಿದ ಖಡಕ್ ರೊಟ್ಟಿಯನ್ನು ಎಣ್ಣೆಗಾಯಿ ಜೊತೆ ತಿನ್ನುತ್ತಿದ್ದ. ಮುಖ ಕೆಂಪಗಾಗಿ ಬೆವರು ಇಳಿಯುತ್ತಿತ್ತು. ಆದರೂ ಇನ್ನೊಂದು ಕೇಳುತ್ತಿದ್ದ. ಅವನ ಊರಲ್ಲೂ ರೊಟ್ಟಿ ಒಣಗಿಸಿ ತಿಂಗಳುಗಟ್ಟಲೆ ಇಡುತ್ತಿದ್ದರಂತೆ. ಹೊರಟು ನಿಂತಾಗ ಅವನು ಹೇಳಿದ: ಬರುವ ಬೇಸಿಗೆಗೆ ನಿನ್ನ ಹೆಂಡತಿಯನ್ನು ಕರೆದುಕೊಂಡು ಬಾ, ಮಗನೂ ಬರಲಿ, ನನ್ನ ತಮ್ಮನ ವ್ಯಾನ್ ಕೊಡುತ್ತೇನೆ, ದಕ್ಷಿಣದ ತುದಿಯಿಂದ ಉತ್ತರದ ತುದಿಯವರೆಗೆ ದೇಶ ನೋಡಿರಿ, ನನ್ನ ತಾಯಿ ಇವಳ ರೊಟ್ಟಿ ತಿನ್ನಬೇಕು.

ಕರೆದದ್ದು ಅವ್ವನನ್ನು. ಆ ಮಾತನ್ನು ಕನ್ನಡದಲ್ಲಿ ಅವ್ವನಿಗೆ ಹೇಳಿದವನು ನಾನೇ.

ಅವ್ವ ಮರುವಾರ ಸ್ಟುಡಿಯೋಕ್ಕೆ ಹೋಗಿ ಪಾಸ್‌ಪೋರ್ಟಿಗೆಂದು ಫೋಟೊ ತೆಗೆಸಿಕೊಂಡು ಬಂದಳು. ಅವಳೊಬ್ಬಳೇ ಇರುವ ಫೋಟೊ ನಮ್ಮ ಮನೆಯಲ್ಲಿ ಅದೊಂದೇ.

ಸುದ್ದಿ ಬ್ಯಾಡಗಿಗೆ ಮುಟ್ಟಿತು. ದೊಡ್ಡಪ್ಪನದು ಅಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಹೊಲ, ಅಂಗಡಿ ಎಲ್ಲ ಅಣ್ಣತಮ್ಮಂದಿರದು ಕೂಡಿಯೇ ಇತ್ತು. ಖರ್ಚು ಅವನ ಕೈಯಿಂದಲೇ ಆಗಬೇಕು. ಹಾಗಾಗಿ ವಿಮಾನದ ಖರ್ಚಿನ ಜೊತೆಗೆ ಪ್ರವಾಸವೂ ಅವನದಾಯಿತು. ಮೆಣಸಿನಕಾಯಿ ಆವಕ ಇಳಿದ ಮೇಲೆ, ಯುಗಾದಿ ಮುಗಿಸಿ ಹೊರಟು ಬಸವ ಜಯಂತಿಯೊಳಗೆ ಮರಳಿ ಬರುವುದು ಎಂದು ಬೇಸಿಗೆಯನ್ನು ಅವನೇ ನಿಗದಿ ಮಾಡಿದ. ನಮಗೆಲ್ಲ ಅದು ಸರಿಯಾಗಿಯೇ ಕಂಡಿತು. ಹೋಗುವವರು: ಅವನು, ದೊಡ್ಡವ್ವ, ಗಾಡಿ ಓಡಿಸಲು ಹಾವೇರಿಯ ಅಳಿಯ, ಆ ಇಂಜಿನಿಯರಿಗೆ ಗುರುತಿರುವುದರಿಂದ ಅಪ್ಪ, ಇಂಗ್ಲಿಷ್ ಬರುವುದರಿಂದ ನಾನು.

"ಆಕಿ ಬಂದ್ರ ಎಮ್ಮಿ ಯಾರು ನೋಡ್ಬೇಕೋ?" ಎಂದ ದೊಡ್ಡಪ್ಪ, ಅಪ್ಪನಿಗೆ. ಹಲಗೇರಿಯಿಂದ ತಂದ ಎಮ್ಮೆ ಆಗಷ್ಟೇ ಈದಿತ್ತು. "ರೊಟ್ಟಿ ಚಲೋತ್ನಾಗಿ ಬಡದು ಕೊಡ್ಲಿ. ತಿಂಗಳಾನಗಟ್ಲೆ ಇಟ್ರೂ ಕೆಡಬಾರ್ದು. ಹಿಂದಿನ ಸೀಟಿನ್ಯಾಗ ಚೀಲ ಇಟ್ಟೇವಂದ್ರ ಮುರಿಯೂದಿಲ್ಲ."

ಅಪ್ಪ ತಲೆಯಾಡಿಸಿದ. ಮನೆಗೆ ಬಂದು ಅವ್ವನಿಗೆ ಹೇಳುವ ಕೆಲಸವನ್ನು ನನಗೆ ಬಿಟ್ಟ.

"ರೊಟ್ಟಿಗೆ ಸೀಟ್ ಐತಿ, ಬಡದಾಕಿಗೆ ಇಲ್ಲ ಅನ್ನು" ಎಂದಳು ಅವ್ವ.

"ನಾ ಹೋಗಿ ಮಾತಾಡ್ಲೇನು?"

"ಬ್ಯಾಡ. ಬೇಡಿ ತಗೊಂಡ ಸೀಟಿನ್ಯಾಗ ಕುಂತ್ರ ಊರು ಕಾಣಸೂದಿಲ್ಲ."

ನಾನು ಧಾರವಾಡಕ್ಕೆ ಹೋದೆ. ದಾರಿ ಗೊತ್ತುಮಾಡುವ ಕೆಲಸ ನನ್ನದಾಗಿತ್ತು. ಗ್ರಂಥಾಲಯದಲ್ಲಿ ದೊಡ್ಡ ಅಟ್ಲಾಸ್ ತೆರೆದು ಹೆಲ್ಸಿಂಕಿಯಿಂದ ಮೇಲಕ್ಕೆ, ಕೆರೆಗಳ ನಡುವಿನ ರಸ್ತೆ ಹಿಡಿದು ಬೆರಳು ಓಡಿಸುತ್ತ ಕೂತೆ. ಅಲ್ಲೇ ಒಂದು ಪುಸ್ತಕದಲ್ಲಿ ಓದಿದೆ: ಬೇಸಿಗೆಯಲ್ಲಿ ಆ ನಾಡಿನ ಉತ್ತರ ಭಾಗದಲ್ಲಿ ಸೂರ್ಯ ಮುಳುಗುವುದಿಲ್ಲ. ಓದಿದ ತಕ್ಷಣ ನನಗೆ ಸೋಮವಾರ ನೆನಪಾಯಿತು.

ದೊಡ್ಡಪ್ಪ ಸೋಮವಾರ ಹೊತ್ತು ಮುಳುಗಿ, ಸ್ನಾನ ಮಾಡಿ, ಪೂಜೆ ಮುಗಿಸುವವರೆಗೆ ಹನಿ ನೀರೂ ಕುಡಿಯುತ್ತಿರಲಿಲ್ಲ. ಬ್ಯಾಡಗಿ ಪೇಟೆಗೆಲ್ಲ ಅದು ಗೊತ್ತಿತ್ತು. ಗೊತ್ತಾಗುವಂತೆ ಅವನೇ ನೋಡಿಕೊಂಡಿದ್ದ. ಅವತ್ತು ಅಂಗಡಿಗೆ ಚಹಾ ಬರುತ್ತಿರಲಿಲ್ಲ. ಹಮಾಲರು ಚೀಲಗಳ ಹಿಂದೆ ಹೋಗಿ ತಂಬಾಕು ಹಾಕಿಕೊಳ್ಳುತ್ತಿದ್ದರು. ಮನೆಯ ಹೆಂಗಸರಿಗೂ ಅದೇ ನೇಮ. ಒಂದು ಸೋಮವಾರ ಬ್ಯಾಡಗಿಯಲ್ಲಿ ಅವ್ವ ಜ್ವರದಲ್ಲಿ ಮಲಗಿದ್ದವಳು ಮಧ್ಯಾಹ್ನ ಒಂದು ತುತ್ತು ಮೊಸರನ್ನ ಬಾಯಿಗಿಟ್ಟಾಗ ಅವನು ಪಡಸಾಲೆಯಿಂದಲೇ, ಬಂದಿದ್ದ ಗಿರಾಕಿಗಳಿಗೂ ಕೇಳುವಂತೆ, "ಹೊತ್ತಿನ್ನೂ ಆಕಾಶದಾಗ ಐತೆಲ್ಲ" ಎಂದಿದ್ದ. ಅವ್ವ ತುತ್ತನ್ನು ತಾಟಿಗೆ ಉಗುಳಿದಳು. ಅದನ್ನು ನೋಡಿದ್ದೇನೆ. ಈ ನೆನಪನ್ನು ಎಷ್ಟು ತಿರುವಿ ನೋಡಿದರೂ ಬದಲಾಗಿಲ್ಲ.

ಪ್ರವಾಸದ ಸೋಮವಾರಗಳೆಲ್ಲ ಉತ್ತರದಲ್ಲೇ ಬೀಳುವಂತೆ ದಾರಿ ಗೊತ್ತುಮಾಡಿದೆ. ನನ್ನ ಇರಾದೆ ಯಾರಿಗೂ ಹೇಳದಿರುವುದು. ನೆತ್ತಿಯಿಂದ ಇಳಿದು ಬಯಲಂಚಿಗೆ ಬಂದ ಸೂರ್ಯ ಅಲ್ಲೇ ನಿಂತುಬಿಡಬೇಕು. ದೊಡ್ಡಪ್ಪ ವ್ಯಾನಿನ ಕಿಟಕಿಯಿಂದ ಅದನ್ನೇ ನೋಡುತ್ತ ತುಟಿ ಒಣಗಿಸಿಕೊಳ್ಳಬೇಕು. ಪಕ್ಕದ ಸೀಟಿನಲ್ಲಿ ಅವ್ವನ ರೊಟ್ಟಿಯ ಚೀಲ ಇರಬೇಕು. ಓದಿನ ಮೇಲೆ ಮನಸ್ಸು ನಿಲ್ಲದ ದಿನಗಳಲ್ಲೆಲ್ಲ ಈ ಚಿತ್ರವನ್ನು ಬೆಲ್ಲದ ಹಾಗೆ ಚೀಪುತ್ತಿದ್ದೆ.

ಊರಿಗೆ ಬಂದಾಗ ತಡೆಯಲಾರದೆ ಅವ್ವನಿಗೆ ಒಲೆಯ ಮುಂದೆ ಹೇಳಿದೆ, ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಕೇಳಿದಳು ಎಂಬುದು ನನ್ನ ನೆನಪು. ಅವ್ವನ ಪ್ರಕಾರ ನಾನು ಏನೂ ಹೇಳಲಿಲ್ಲ. ಆ ಇಂಜಿನಿಯರನೇ ಒಂದು ರವಿವಾರ ಉಳ್ಳಾಗಡ್ಡಿ ಚೂರೊಂದನ್ನು ತಾಟಿನ ಅಂಚಿನ ಮೇಲೆ ಸುತ್ತ ತಿರುಗಿಸಿ, ಕೆಳಗೆ ಬೀಳದಂತೆ, ತನ್ನ ಊರಿನ ಸೂರ್ಯನನ್ನು ತೋರಿಸಿದ್ದನಂತೆ.

ಎಲ್ಲರೂ ಹಾವೇರಿಯಲ್ಲಿ ಅಕ್ಕನ ಮನೆಯಲ್ಲಿ ಸೇರಿದೆವು. ನಕಾಶೆಯನ್ನು ಜಮಖಾನೆಯ ಮೇಲೆ ಹಾಸಿದೆ. ಅಕ್ಕನ ಗಂಡನನ್ನು ನಾನು ಮಾಮಾ ಅನ್ನುತ್ತಿದ್ದೆ. ಅವನು ರಸ್ತೆಯ ಗೆರೆಯನ್ನು ನೋಡಿ, "ಹುಬ್ಬಳ್ಳಿ ರೋಡಿನ್ಯಾಗ ಗಾಡಿ ಹೊಡದಂವಗ ಇದೇನ್ ಮಹಾ" ಎಂದ.

"ಅಲ್ಲೆ ಬಲಗಡೆ ಓಡಸ್ಬೇಕ್ರಿ ಮಾಮಾ."

"ಈಗ ಎಲ್ಲೆ ಓಡಸಾಕತ್ತೇನಂತ ಮಾಡೀದಿ?"

ದೊಡ್ಡಪ್ಪ ನಗಲಿಲ್ಲ. "ದಾರ್‍ಯಾಗ ಮಠಗಿಠ ಅದಾವೇನು, ಇಳಕೊಳ್ಳಾಕ?"

"ಇಲ್ರಿ ದೊಡ್ಡಪ್ಪ. ಟೆಂಟ್ ಹಾಕ್ಕೊಂಡು ಇರ್ತಾರ."

"ಹಂಗಾರ ನೀರಿದ್ದಲ್ಲೆ ಹಾಕಸು. ಸೋಮಾರ ನನಗ ಸ್ನಾನಕ್ಕ ಬೇಕು."

ಅವ್ವ ಗಿರ್ಮಿಟ್ ತಂದಿಟ್ಟಳು. ಭಾವನ, ಅಂದರೆ ದೊಡ್ಡಪ್ಪನ, ಜೊತೆ ಅವಳು ನೇರ ಮಾತಾಡುತ್ತಿರಲಿಲ್ಲ. ನನ್ನ ಕಡೆ ತಿರುಗಿ, "ಸೋಮಾರ ಅಲ್ಲೆ ಹೊತ್ತು ಯಾವಾಗ ಮುಳಗತೈತೋ? ಭಾವಾರಿಗೆ ಊಟಕ್ಕ ತಯಾರಿ ಇರ್ಬೇಕಲ್ಲ" ಎಂದಳು.

"ಅಲ್ಲೆ ಮುಳುಗೂದ ಇಲ್ಲವ್ವ."

"ಏನು ಮುಳುಗೂದಿಲ್ಲ?" ಎಂದ ದೊಡ್ಡಪ್ಪ.

"ಹೊತ್ರಿ."

"ಎಲ್ಲಿತನಕ?"

"ಬ್ಯಾಸಿಗಿ ಮುಗಿಯೂತನಕ."

ಮಾಮಾನಿಗೆ ತಡೆಯಲಾಗಲಿಲ್ಲ. "ಹಂಗಾರ ಮಾವಾರು ಸೋಮಾರದ ಊಟ ಮಳಿಗಾಲಕ್ಕ ಮಾಡ್ತಾರ."

ದೊಡ್ಡವ್ವ ಗಂಡನ ಮುಖ ನೋಡಿ ಲಗೂನೆ ದಾರಿ ಹುಡುಕಿದಳು. "ಗಡಿಯಾರ ನೋಡಿ ಉಂಡ್ರಾತು. ಬ್ಯಾಡಗಿ ಟೈಮಿಗೆ."

"ನನಗ ಜ್ವರ ಬಂದಾಗ ಯಾರೂ ಗಡಿಯಾರ ತೋರಿಸ್ಲಿಲ್ಲ ನೋಡ್ರಿ ಅಕ್ಕಾರ" ಎಂದಳು ಅವ್ವ. ದನಿ ಏರಿಸಲಿಲ್ಲ. ತಾಟುಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು.

ದೊಡ್ಡಪ್ಪ ನಕಾಶೆಯನ್ನು ಪಕ್ಕಕ್ಕೆ ಸರಿಸಿದ. ಒಂದು ಸೋಮವಾರ ಬಿಡುತ್ತೇನೆ ಎಂದಿದ್ದರೆ ಮುಗಿದಿತ್ತು. ಆದರೆ ಅಷ್ಟು ವರ್ಷ ಎಲ್ಲರ ಬಾಯಿ ಕಟ್ಟಿಸಿದವನು ಅವ್ವನ ಎದುರಿಗೆ ಆ ಮಾತು ಹೇಳಬೇಕಾಗುತ್ತಿತ್ತು. "ಹೊತ್ತು ಮುಳುಗಲಾರದ್ದು ಮನಷ್ಯಾರು ಹೋಗೂ ಊರಲ್ಲ" ಎಂದ. "ಮನಿ ಹಿರ್‍ಯಾ ಹೋಗಲಾರದಲ್ಲೆ ಯಾರೂ ಹೋಗೂದು ಬ್ಯಾಡ."

ರಾಣೆಬೆನ್ನೂರಿನ ಬಸ್ಸಿನಲ್ಲಿ ಅಪ್ಪ ಅವ್ವನಿಗೆ ಹೇಳಿದ: "ನೀ ಸುಮ್ನಿದ್ದಿದ್ರ ನಾವರೆ ಹೋಗಿ ಬರ್ತಿದ್ವಿ."

"ನಾವು ಅಂದ್ರ ಯಾರು?"

ಅವ್ವ ಸೆರಗು ಬಿಗಿಮಾಡಿಕೊಂಡು, ನನಗಷ್ಟೇ ಕೇಳುವಂತೆ, "ಈಗ ಯಾರಿಗೂ ಸೀಟಿಲ್ಲ" ಎಂದಳು. ಅಷ್ಟು ಹಗುರಾದ ಮುಖವನ್ನು ಅವಳಲ್ಲಿ ನಾನು ಕಂಡದ್ದು ಕಡಿಮೆ. ಮುಂದೆಂದಾದರೂ ಆ ಊರಿಗೆ ಹೋಗುವ ಅವಳ ಆಸೆಯೂ ಅಲ್ಲಿಗೆ ತಪ್ಪಿತ್ತು. ಅದು ಗೊತ್ತಿದ್ದೇ ಅವಳು ಕೇಳಿದ್ದಳು.

ಕೆಲವು ವರ್ಷಗಳ ಮೇಲೆ, ತೊಂಬತ್ತರ ದಶಕದಲ್ಲಿ, ಒಂದು ಮದುವೆಯ ಪಂಕ್ತಿಯಲ್ಲಿ ದೊಡ್ಡಪ್ಪ ನನ್ನ ಪಕ್ಕ ಕೂತಿದ್ದ. ಮುದುಕನಾಗಿದ್ದ. "ತಮ್ಮಾ, ಆ ಊರಾಗ ಖರೇನ ಹೊತ್ತು ಮುಳುಗೂದಿಲ್ಲೇನು?" ಎಂದು ಕೇಳಿದ. ಅಷ್ಟು ದಿನವೂ ಅದು ಅವನನ್ನು ಕೊರೆಯುತ್ತಿತ್ತು ಎಂದು ತಿಳಿದು ನನಗೆ ಊಟ ರುಚಿಸಿತು.

"ಖರೇರಿ" ಎಂದೆ.

ಅವನ ಪ್ರಶ್ನೆ ನನಗೂ ಅಂಟಿಕೊಂಡಿತು. ಮುಂದಿನ ಸಲ ಧಾರವಾಡಕ್ಕೆ ಹೋದಾಗ ಗ್ರಂಥಾಲಯದಲ್ಲಿ ಸೂರ್ಯೋದಯ ಸೂರ್ಯಾಸ್ತದ ಕೋಷ್ಟಕಗಳನ್ನು ಕೇಳಿ ತೆಗೆಸಿ, ಎರಡೆರಡು ಸಲ ನೋಡಿದೆ. ದೊಡ್ಡಪ್ಪ ಆಮೇಲೂ ಬಹಳ ವರ್ಷ ಇದ್ದ. ಅಲ್ಲಿ ಕಂಡದ್ದನ್ನು ನಾನು ಅವನಿಗೆ ಹೇಳಲಿಲ್ಲ, ಹೇಳಬೇಕೆಂದು ಅನಿಸಲೂ ಇಲ್ಲ. ಅವರ ಬೇಸಿಗೆ ಜೂನ್, ಜುಲೈ. ನಾವು ಹೋಗಬೇಕೆಂದಿದ್ದ ಏಪ್ರಿಲ್ ತಿಂಗಳಲ್ಲಿ ಫಿನ್‌ಲೆಂಡಿನ ಉತ್ತರದ ತುದಿಯಲ್ಲೂ ಸೂರ್ಯ ದಿನಾ ಮುಳುಗುತ್ತಾನೆ.