ಒಂದು ತೋಟಾ, ಎರಡು ಬಾತು

ಆ ಶನಿವಾರ ಬೆಳಿಗ್ಗೆ ನಾನು ಅವರೆಕಾಳು ಹಿತುಕುತ್ತಿದ್ದೆ. ಈ ಪರದೇಶದ ಗ್ರೋಸರಿಯಲ್ಲಿ ಸಿಗುವುದು ಫ್ರೀಜರಿನಲ್ಲಿಟ್ಟ ಕಾಳು. ಅದನ್ನು ರಾತ್ರಿಯೇ ಹೊರಗೆ ತೆಗೆದಿಟ್ಟು, ಬೆಳಿಗ್ಗೆ ಬೆಚ್ಚಗಿನ ನೀರಿಗೆ ಹಾಕಿ, ಬೆರಳ ತುದಿಯಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಚಂಗನೆ ಹಾರುತ್ತದೆ. ಎದುರಿಗೆ ಕೂತಿದ್ದ ನಮ್ಮತ್ತೆಯ ಬೇಳೆ ಹಾರಿ ನೇರವಾಗಿ ಪಾತ್ರೆಗೆ ಬೀಳುತ್ತಿತ್ತು. ನನ್ನದು ಅರ್ಧ ಪಾತ್ರೆಗೆ, ಅರ್ಧ ಫ್ರಿಜ್ಜಿನ ಕೆಳಗೆ.

"ನಿನ್ ಗುರಿನೂ ನಿನ್ ಗಂಡನ ಗುರಿನೂ ಒಂದೇ ಕಣವ್ವ" ಅಂದರು ಅತ್ತೆ.

ಆಗ ನನಗೆ ಅದರ ಅರ್ಥ ಆಗಲಿಲ್ಲ. ಅತ್ತೆ ಹಾಸನದ ಕಡೆಯ ಹಳ್ಳಿಯಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದರು. ಬಂದದ್ದು ದೇವರ ದಯೆ, ಅವರೆಕಾಳು ಎರಡು ಪ್ಯಾಕೆಟ್ಟು ಸಿಕ್ಕಿದ್ದು ಇನ್ನೊಂದು ದಯೆ ಎಂದು ಲೆಕ್ಕ ಹಾಕುತ್ತಾ ಕೂತಿದ್ದೆ. ಅಷ್ಟರಲ್ಲಿ ನಮ್ಮ ಮನೆಯವರು ಹಿತ್ತಲ ಬಾಗಿಲಿಂದ ಒಳಗೆ ಬಂದರು. ಮುಖ ನೋಡಿದರೆ ಸಂತೋಷವೋ ದುಃಖವೋ ಹೇಳಲಾಗದಂತಿತ್ತು.

"ಅಜ್ಜ ಮನೆ ಮಾರ್ತಿದ್ದಾರಂತೆ ಕಣೇ. ತಿಂಗಳ ಕೊನೆಗೆ ಮಗಳ ಹತ್ರ ಹೊರಟರು."

ಅಜ್ಜ ಎಂದರೆ ಬೇಲಿಯಾಚೆಯ ಮನೆಯವರು. ಹೆಂಡತಿ ತೀರಿಹೋದ ಮೇಲೆ ಒಬ್ಬರೇ ಇದ್ದರು. ನಾವು ಪ್ಲೆಸೆಂಟನ್ನಿಗೆ ಬಂದ ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ನಿಂಬೆಕಾಯಿ ಕೊಂಡಿಲ್ಲ, ಎಲ್ಲ ಅವರ ಮರದ್ದೇ. ಕಸದ ಗಾಡಿ ಬಂದು ಹೋದ ಮೇಲೆ ನಮ್ಮ ಡಬ್ಬಗಳನ್ನೂ ಅವರೇ ಒಳಗೆ ತಳ್ಳಿಡುತ್ತಿದ್ದರು. "ಅಯ್ಯೋ ಪಾಪ" ಅನ್ನುವಷ್ಟರಲ್ಲಿ ಇವರು ಇನ್ನೊಂದು ಮಾತು ಸೇರಿಸಿದರು.

"ಅವರ ಕೋವಿ ನನಗೇ ಕೊಡ್ತಾರಂತೆ."

ಕೈಯಲ್ಲಿದ್ದ ಕಾಳು ಗೋಡೆಗೆ ಹೋಗಿ ಬಡಿಯಿತು.

ಆ ಕೋವಿಯ ವಿಷಯ ನನಗೆ ಹೊಸದಲ್ಲ. ಪ್ರತಿ ಶನಿವಾರ ಸಂಜೆ ಅಜ್ಜ ಬೇಲಿಯ ಆ ಕಡೆ, ಇವರು ಈ ಕಡೆ ನಿಂತು ಆಡುತ್ತಿದ್ದ ಮಾತೇ ಅದು. ಅಜ್ಜ ಹುಟ್ಟಿ ಬೆಳೆದದ್ದು ಇಲ್ಲಿಂದ ಪೂರ್ವಕ್ಕೆ, ದೊಡ್ಡ ಕಣಿವೆಯ ಒಂದು ನದಿಯ ದಂಡೆಯಲ್ಲಿ. ಹನ್ನೆರಡು ತುಂಬಿದಾಗ ಅವರಪ್ಪ ಒಂದು ಒಂಟಿ ನಳಿಗೆಯ ಕೋವಿ ಕೊಟ್ಟರಂತೆ. ನಡುವೆ ಮಡಚಿ ಒಂದೇ ಒಂದು ತೋಟಾ ತುಂಬುವಂಥದ್ದು. ದಿನವಿಡೀ ಹೆಗಲ ಮೇಲೆ ಹೊತ್ತರೂ ಹುಡುಗನಿಗೆ ಭಾರವಾಗದು, ಕೆಡಲು ಒಳಗೆ ಹೆಚ್ಚೇನೂ ಇಲ್ಲ. ಒಂದು ಜೇಬಿನಲ್ಲಿ ರೊಟ್ಟಿ, ಇನ್ನೊಂದರಲ್ಲಿ ತೋಟಾ ಹಾಕಿಕೊಂಡು ಬೆಳಿಗ್ಗೆ ಹೊಳೆಗೆ ಹೋದರೆ ಸಂಜೆಗೆ ಒಂದು ಮೊಲವೋ ಎರಡು ಹಕ್ಕಿಯೋ ತರುತ್ತಿದ್ದರಂತೆ.

ಇದಕ್ಕೆ ಉತ್ತರವಾಗಿ ಇವರು ಹೇಮಾವತಿ ಹೊಳೆಯನ್ನು ಬೇಲಿಯ ಮೇಲೆ ಹರಿಸುತ್ತಿದ್ದರು. ಸೋದರಮಾವನ ಒಂಟಿ ನಳಿಗೆ ಕೋವಿ, ಇನ್ನೂ ಮಂಜು ಬಿಡದ ಹೊಳೆ, ಮೇಲೆ ಹಾರುತ್ತಿದ್ದ ಎರಡು ಕಾಡುಬಾತು, ಕೋವಿ ಕೈಯಲ್ಲಿ ಹಿಡಿದ ಹದಿಮೂರರ ಇವರು. "ಢಂ! ಢಂ! ಎರಡೂ ನೀರಿಗೆ!" ಮದುವೆಯಾದ ವಾರದಲ್ಲೇ ಈ ಕಥೆ ನನಗೆ ಹೇಳಿದ್ದರು. ಆಗ ಬಾತುಗಳು ಮಾಮೂಲಿ ಗಾತ್ರದವು. ಸ್ಯಾನ್ ಹೊಸೆಯ ಅಪಾರ್ಟ್‌ಮೆಂಟಿನಲ್ಲಿದ್ದಾಗ ಸ್ವಲ್ಪ ದಪ್ಪಗಾದವು. ಪ್ಲೆಸೆಂಟನ್ನಿನ ಮನೆ ಕೊಳ್ಳುವ ಹೊತ್ತಿಗೆ ಒಂದೊಂದು ಕುರಿಮರಿಯಷ್ಟಾಗಿದ್ದವು.

"ಅವರ ಮಕ್ಕಳಿಗೆ ಕೋವಿ ಬೇಡವಂತೆ" ಅಂದರು ಇವರು. "ನಾನು ಬೇಡ ಅಂದ್ರೆ ಸೋಮವಾರ ಕೋವಿ ಅಂಗಡಿಗೆ ಕೊಡ್ತಾರಂತೆ, ಯಾರ್ಯಾರೋ ಕೊಂಡ್ಕೊಂಡು ಹೋಗ್ತಾರೆ. ಅದು ಯಾತಕ್ಕಿರೋದು ಅಂತ ತಿಳಿದವನ ಕೈಗೇ ಹೋಗ್ಲಿ ಅಂತ ಅವರಾಸೆ. ಸಾಯಂಕಾಲ ಬಂದು ಉತ್ತರ ಕೇಳ್ತಾರೆ."

"ದೇವರ ಮನೆ ಇರೋ ಮನೇಗೆ ಕೋವಿ ತರ್ತೀರಾ? ಮಗಳು ಇದ್ದಾಳೆ ಮನೇಲಿ!"

"ಬೀಗ ಹಾಕಿ ಗರಾಜಲ್ಲಿ ಇಡ್ತೀನಿ ಕಣೇ. ಆ ಮುದುಕರ ಮುಖ ನೋಡಿ ಇಲ್ಲ ಅನ್ನೋಕೆ ಆಗುತ್ತಾ?"

ಆಗುವುದಿಲ್ಲ, ಅದು ನನಗೂ ಗೊತ್ತಿತ್ತು. ಇವರು ಸ್ನಾನಕ್ಕೆ ಹೋದ ಕೂಡಲೇ ವೆಂಕಟರಮಣನ ಪಟದ ಮುಂದೆ ನಿಂತು ಹರಕೆ ಹೊತ್ತೆ. ಕೋವಿ ನಮ್ಮ ಹೊಸಿಲು ದಾಟದಂತೆ ನೋಡಿಕೋ ತಂದೆ, ದೇವಸ್ಥಾನದಲ್ಲಿ ನೂರೆಂಟು ಪ್ರದಕ್ಷಿಣೆ ಬರುತ್ತೇನೆ. ಮಂಡಿನೋವಿನವಳ ಹರಕೆ ಇದು, ಸ್ವಲ್ಪ ಗಮನ ಕೊಡು ಎಂದೂ ಸೇರಿಸಿದೆ.

ತಿರುಗಿ ಬಂದರೆ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

"ಯಾಕತ್ತೆ?"

"ಇವ್ನಿಗಾ ಕೋವಿ? ಆ ಮುದುಕಪ್ಪಂಗೆ ಯಾರಾದ್ರೂ ದಿಟ ಹೇಳಿ."

"ಎರಡು ಬಾತು ಹೊಡೆದಿದ್ದು ಸುಳ್ಳಾ?"

"ಒಂದು ಹೊಡ್ದಿದ್ ದಿಟ. ಕಾಡುಬಾತಲ್ಲ ಕಣವ್ವ, ಇವನ ಇಸ್ಕೂಲ್ ಮೇಷ್ಟ್ರು ಸಾಕಿದ್ ಬಾತು. ಹಾರ್ತಾನೂ ಇರ್ಲಿಲ್ಲ, ದಡದಾಗೆ ತನ್ನ ಪಾಡಿಗೆ ಕುಂತಿತ್ತು. ಕೋವಿ ಒದ್ದ ಏಟ್ಗೆ ಇವ್ನು ಹಿಂದಕ್ಕೆ ಮಗಚ್ಕೊಂಡು ಹೊಳೆಗೆ ಬಿದ್ದ. ಎರಡೂ ನೀರಿಗೆ ಅಂತಾನಲ್ಲ, ಒಂದು ಬಾತು, ಇನ್ನೊಂದು ಇವ್ನೇ!"

ನಾನು ಅವರೆಕಾಳಿನ ಪಾತ್ರೆ ಪಕ್ಕಕ್ಕಿಟ್ಟು ನಕ್ಕೆ. ಇಪ್ಪತ್ತೆರಡು ವರ್ಷ ಕೇಳಿದ ಕಥೆ! ಅತ್ತೆ ಮೇಷ್ಟ್ರ ಮನೆಗೆ ಎರಡು ಮೊಟ್ಟೆಕೋಳಿ ತಲುಪಿಸಿ ಮರ್ಯಾದೆ ಉಳಿಸಿಕೊಂಡರಂತೆ. ಸೋದರಮಾವ ಆಮೇಲೆ ಕೋವಿ ಮುಟ್ಟಿಸಲಿಲ್ಲ. ಹೊಳೆಗೇನೋ ಕರೆದುಕೊಂಡು ಹೋಗುತ್ತಿದ್ದರು, ಮುದ್ದೆ ಬುತ್ತಿ ಹೊರುವುದಕ್ಕೆ.

ಇವರು ಹಣೆಗೆ ವಿಭೂತಿ ಇಟ್ಟುಕೊಂಡು ಬಂದರು. ನಾನು ಕಾಫಿ ಲೋಟ ಕೊಡುತ್ತಾ ಬಲು ವಿನಯದಿಂದ ಕೇಳಿದೆ. "ರೀ, ನಿಮ್ಮ ಮೇಷ್ಟ್ರ ಬಾತು ಕ್ಷೇಮವೇ?"

ಇವರು ಲೋಟ ಕೆಳಗಿಟ್ಟರು. ತಾಯಿಯ ಕಡೆ ನೋಡಿದರು. ಅತ್ತೆ ಕಾಳಿನ ಮೇಲೆ ಭಾರಿ ಗಮನ ಇಟ್ಟಿದ್ದರು.

"ನೀವೇ ಅಜ್ಜನಿಗೆ ಹೇಳಬೇಕು" ಅಂದೆ. "ಬೇಟೆಗಾರ ಅಂತ ನಂಬಿ ಕೊಡ್ತಿದ್ದಾರೆ. ಸುಳ್ಳಿನ ಮೇಲೆ ಒಬ್ಬರ ಅಪ್ಪ ಕೊಟ್ಟ ವಸ್ತು ಇಸ್ಕೊಂಡ್ರೆ ನಮಗೆ ಒಳ್ಳೇದಾಗುತ್ತಾ?"

"ಹನ್ನೊಂದು ವರ್ಷ ಕಣೇ" ಅಂದರು ಇವರು, ದನಿ ಇಳಿಸಿ. "ಹೋಗೋ ಹೊತ್ತಲ್ಲಿ ನಾನು ಸುಳ್ಳ ಅಂತ ತಿಳ್ಕೊಂಡು ಹೋಗ್ಬೇಕಾ ಅವರು?"

ನಾನು ಲೋಟವನ್ನು ಮತ್ತೆ ಅವರ ಕೈಗಿಟ್ಟೆ. ಹರಕೆ ಇಷ್ಟು ಬೇಗ ಫಲಿಸುತ್ತಿದೆಯಲ್ಲ ಎಂದು ಒಳಗೊಳಗೇ ಹಿಗ್ಗಿದ್ದಂತೂ ನಿಜ.

ದೀಪ ಹಚ್ಚಿದ ಮೇಲೆ ಅಜ್ಜ ಬಂದರು. ಕೈಯಲ್ಲಿ ಮಾಮೂಲಿನಂತೆ ನಿಂಬೆಕಾಯಿಯ ಚೀಲ. ಅವರನ್ನು ಅಡುಗೆಮನೆಯ ಮೇಜಿಗೇ ಕರೆದು ಕೋಡುಬಳೆ, ಕಾಫಿ ಕೊಟ್ಟೆ. ಹೋಮ್‌ವರ್ಕು ಮಾಡುತ್ತಿದ್ದ ಮಗಳೂ ಬಂದು ಅಜ್ಜಿಯ ಪಕ್ಕ ಕೂತಳು. ಇವರು ನಾಲ್ಕು ಸಲ ಗಂಟಲು ಸರಿಮಾಡಿಕೊಂಡರು. ನಾನು ಮೇಜಿನ ಕೆಳಗೆ ಕಾಲು ತಗುಲಿಸಿದೆ. ಕೊನೆಗೆ ಇಂಗ್ಲಿಷಿನಲ್ಲಿ ಶುರು ಮಾಡಿದರು.

ಬಾತು ಒಂದೇ, ಅದೂ ಸಾಕಿದ್ದು, ಕೂತಿತ್ತು ಎನ್ನುವವರೆಗೂ ಹೇಳಿ ನಿಲ್ಲಿಸಿಬಿಟ್ಟರು. ಮಾತು ಅರ್ಥವಾಗದಿದ್ದರೂ ಮಗನ ಕೈಸನ್ನೆಯಿಂದಲೇ ಕಥೆ ಎಲ್ಲಿಗೆ ಬಂತೆಂದು ಅತ್ತೆಗೆ ತಿಳಿಯಿತು.

"ನೀನು ಬಿದ್ದಿದ್ ಹೇಳ್ಲಿಲ್ವಲ್ಲೋ?" ಎಂದು ಮೊಮ್ಮಗಳ ಕಡೆ ತಿರುಗಿದರು. "ನೀನಾದ್ರೂ ಹೇಳವ್ವ, ಹಿಂದಕ್ಕೆ ಮಗಚ್ಕೊಂಡು ಬಿದ್ದ ಅಂತ. ಚಡ್ಡಿ ಹೊಳೇಲೇ ಹೋಯ್ತು ಅಂತಾನೂ ಹೇಳು."

ನಮ್ಮ ಮಗಳು ಕನ್ನಡ ಮಾತಾಡುವುದು ಕಡಿಮೆ. ಅರ್ಥವಾಗುವುದಿಲ್ಲ ಎಂದು ನಾವು ಅಂದುಕೊಂಡದ್ದು ತಪ್ಪು ಎಂದು ಆ ದಿನ ತಿಳಿಯಿತು. ಚಡ್ಡಿಯವರೆಗೂ ಒಂದಕ್ಷರ ಬಿಡದೆ ಇಂಗ್ಲಿಷಿಗೆ ದಾಟಿಸಿದಳು.

ಅಜ್ಜ ನಗಲಿಲ್ಲ. ಕೋಡುಬಳೆ ಮುರಿದು ಒಂದು ತುಂಡು ಬಾಯಿಗೆ ಹಾಕಿಕೊಂಡರು. ನಮ್ಮ ಮನೆಯವರ ಕಿವಿ ಕೆಂಪಾಗಿತ್ತು.

"ನನಗೆ ಗೊತ್ತಿತ್ತು" ಅಂದರು ಅಜ್ಜ. "ಮೊದಲನೇ ಸಲ ಹೇಳಿದಾಗಲೇ."

"ಹೇಗೆ?"

"ಢಂ ಢಂ ಅಂದೆಯಲ್ಲ. ಒಂಟಿ ನಳಿಗೆಯಲ್ಲಿ ಎರಡನೇ ಢಂ ಎಲ್ಲಿಂದ ಬಂತು? ಒಂದು ಹೊಡೆದ ಮೇಲೆ ಮಡಚಬೇಕು, ಖಾಲಿ ತೋಟಾದ ಬಿಸಿ ಚಿಪ್ಪು ಕಿತ್ತು ತೆಗೆಯಬೇಕು, ಜೇಬಿಗೆ ಕೈ ಹಾಕಿ ಇನ್ನೊಂದು ತಡಕಬೇಕು. ಜೇಬಿನಲ್ಲಿ ಮೊದಲು ಸಿಗುವುದು ರೊಟ್ಟಿ. ಅಷ್ಟರಲ್ಲಿ ನಿನ್ನ ಎರಡನೇ ಬಾತು ನೆವಾಡಾ ತಲುಪಿರುತ್ತದೆ."

ಮೊದಲು ನಕ್ಕದ್ದು ಮಗಳು. ಆಮೇಲೆ ಎಲ್ಲರೂ ನಕ್ಕೆವು, ಇವರೂ ಸೇರಿ. ಹನ್ನೊಂದು ವರ್ಷ ಸುಮ್ಮನೆ ಯಾಕೆ ಕೇಳಿದಿರಿ ಎಂದು ನಾನು ಕೇಳಿದ್ದಕ್ಕೆ, ನಿಮ್ಮ ಹೊಳೆ ಚೆನ್ನಾಗಿತ್ತು, ನನ್ನ ಮೊಲಗಳೂ ನಾನು ಹೇಳಿದಷ್ಟು ದೊಡ್ಡವಿರಲಿಲ್ಲ ಅಂದರು.

ನಗು ನಿಂತ ಮೇಲೆ ಅವರು ಲೋಟವನ್ನು ಮೇಜಿನ ಮೇಲೆ ಸುಮ್ಮನೆ ತಿರುಗಿಸುತ್ತಾ ಕೂತರು. "ಬೇಟೆಯಾಡದವನ ಮೇಲೆ ಕೋವಿ ಹೊರಿಸುವುದು ಸರಿಯಲ್ಲ. ಸೋಮವಾರ ಅಂಗಡಿಗೆ ಕೊಟ್ಟುಬಿಡುತ್ತೇನೆ. ನಾನೂ ಅದರಿಂದ ಗುಂಡು ಹೊಡೆದು ಮೂವತ್ತು ವರ್ಷವಾಯಿತು. ವರ್ಷಕ್ಕೊಮ್ಮೆ ತೆಗೆದು, ಒರೆಸಿ, ಎಣ್ಣೆ ಹಚ್ಚಿ ಇಡುತ್ತೇನೆ, ಅಷ್ಟೇ. ಕೊಂಡವರು ಅಷ್ಟಾದರೂ ಮಾಡುತ್ತಾರೋ ಇಲ್ಲವೋ."

ನನ್ನ ಹರಕೆ ಅಲ್ಲಿಗೆ ಪೂರ್ತಿ ಫಲಿಸಿತ್ತು. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು.

"ನಾವೂ ವರ್ಷಕ್ಕೊಮ್ಮೆ ಹಾಗೇ ಒರೆಸಿ ಇಡ್ತೀವಿ, ನಮಗೇ ಕೊಡಿ" ಅಂದೆ.

ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಇಂಗ್ಲಿಷು ಎಡವುತ್ತಾ ಹೋಯಿತು. ನವರಾತ್ರಿಯಲ್ಲಿ ಆಯುಧಪೂಜೆ ಅಂತ ಒಂದು ದಿನ ಬರುತ್ತದೆ. ಮನೆಯಲ್ಲಿರುವ ಕತ್ತಿ, ಸುತ್ತಿಗೆ, ಮಿಕ್ಸಿ, ಕಾರು, ಲ್ಯಾಪ್‌ಟಾಪು ಎಲ್ಲವನ್ನೂ ಒರೆಸಿ, ಕುಂಕುಮ ಇಟ್ಟು, ಹೂ ಮುಡಿಸುತ್ತೇವೆ. ಆ ದಿನ ಯಾವುದನ್ನೂ ಕೆಲಸಕ್ಕೆ ಹಚ್ಚುವುದಿಲ್ಲ, ಕೈ ಮುಗಿಯುತ್ತೇವೆ.

"ಹೊಡೆಯದ ಕೋವಿಗೂ?" ಅಂದರು ಅಜ್ಜ.

"ಹೊಡೆಯದ್ದಕ್ಕೆ ಎರಡು ಹೂ ಜಾಸ್ತಿ."

ಅಜ್ಜ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಎಣ್ಣೆ ಯಾವುದು, ಬಟ್ಟೆ ಎಂಥದ್ದು, ನಳಿಗೆಯ ಒಳಗೆ ಕಡ್ಡಿ ಹೇಗೆ ಆಡಿಸಬೇಕು ಎಂದು ಹೇಳಿಕೊಡಲು ಶುರು ಮಾಡಿದರು. ನಮ್ಮ ಮನೆಯವರಿಗಲ್ಲ, ನನಗೆ. ಒಂದು ತೋಟಾವೂ ಮನೆಗೆ ಬರಕೂಡದು ಎಂದು ನಾನು ಹೇಳಿದಾಗ, "ಒಳ್ಳೆಯದು, ನಿಮ್ಮ ಗಂಡನ ಗುರಿ ನೋಡಿದರೆ ಅದೇ ಕ್ಷೇಮ" ಅಂದರು.

ಆಮೇಲಿನದು ಸಣ್ಣ ಕಥೆ. ಇಲ್ಲಿ ಪಕ್ಕದ ಮನೆಯವರು ಕೈಗೆತ್ತಿ ಕೊಡುವಂತಿಲ್ಲ, ಲೈಸೆನ್ಸು ಇರುವ ಅಂಗಡಿಯ ಮೂಲಕವೇ ಬರಬೇಕು. ಕೋವಿ ಸುರಕ್ಷತೆಯ ಪರೀಕ್ಷೆಗೆ ಇವರು ಓದಿದರು, ಮಗಳು ಪ್ರಶ್ನೆ ಕೇಳಿ ಒಪ್ಪಿಸಿಕೊಂಡಳು. ಹತ್ತು ದಿನ ಕಾದ ಮೇಲೆ ಕೋವಿ ಗರಾಜಿನ ಉಕ್ಕಿನ ಬೀರುವಿಗೆ ಬಂತು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಇಟ್ಟು, ಎರಡು ಸೇವಂತಿಗೆ ಹೆಚ್ಚು ಮುಡಿಸಿ, ಫೋಟೋ ತೆಗೆದು ಅಜ್ಜನಿಗೆ ಕಳಿಸಿದೆವು. "ತುಂಬಾ ಚೆನ್ನಾಗಿದೆ. ಸಂಜೆಯೊಳಗೆ ಒರೆಸಿ ಎಣ್ಣೆ ಹಚ್ಚಿ, ತುಕ್ಕು ಹಿಡಿದೀತು" ಎಂದು ಉತ್ತರ ಬಂತು. ಒರೆಸಿದೆ. ಪ್ರದಕ್ಷಿಣೆಯನ್ನೂ ಬಿಡಲಿಲ್ಲ. ಬೇಡಿದ್ದನ್ನು ದೇವರು ನಡೆಸಿಕೊಟ್ಟಿದ್ದ, ಕೆಡಿಸಿಕೊಂಡವಳು ನಾನು. ಅದಕ್ಕೆ ನೂರೆಂಟು ಸುತ್ತನ್ನು ತಪ್ಪೊಪ್ಪಿಗೆಗೆ ಬಂದೆ, ಮಂಡಿಯೂ ಅಷ್ಟಾಗಿ ನೋಯಲಿಲ್ಲ.

ಆದರೆ ಆ ಶನಿವಾರ ಸಂಜೆ ಇದೊಂದೂ ಇನ್ನೂ ಆಗಿರಲಿಲ್ಲ. ಅಜ್ಜನನ್ನು ಬೇಲಿಯ ತನಕ ಬಿಡಲು ಇವರು ಹೋದರು, ಅಲ್ಲೇ ನಿಂತು ಮಾತು ಮುಂದುವರಿಸಿದ್ದು ಕಿಟಕಿಯಿಂದ ಕೇಳುತ್ತಿತ್ತು. "ಒಂದೇ ಢಂ" ಎಂದು ಅಜ್ಜ ತಿದ್ದುತ್ತಿದ್ದರು.

"ಬ್ಯಾಡ ಅಂದೋಳೇ ಮನೆಗೆ ಕರ್ಕೊಂಡ್ಯಲ್ಲವ್ವ" ಅಂದರು ಅತ್ತೆ.

"ಸುಮ್ನಿರಿ ಅತ್ತೆ" ಎಂದು ನಾನು ಅವರೆಬೇಳೆಯನ್ನು ಒಲೆಯ ಮೇಲಿಟ್ಟೆ. ಸಾರಿಗೆ ಬೇಳೆ ಸಾಲದಂತೆ ಕಂಡಿತು. ದೀಪ ಹಚ್ಚಿದ ಮೇಲೆ ಪೊರಕೆ ಹಿಡಿಯಬಾರದು. ಹಾಗಾಗಿ ನೆಲದ ಮೇಲೆ ಕೂತು, ಫ್ರಿಜ್ಜಿನ ಕೆಳಗೆ ಕೈ ಹಾಕಿ, ಗುರಿ ತಪ್ಪಿದ ಬೇಳೆಗಳನ್ನು ಒಂದೊಂದಾಗಿ ಆಯ್ದು ತೊಳೆಯಲು ಬಟ್ಟಲಿಗೆ ಹಾಕತೊಡಗಿದೆ.